ಒಂದೆಳೆ ಮುಂದಿನ ಹುಡುಗಿ

ಗದಗಿನ ಹೊರಗೆ ಗಾಳಿಯಂತ್ರಗಳು ಸಾಲಾಗಿ ನಿಂತ ದಿಬ್ಬದ ಮೇಲಿಂದ ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ, ಕೆಳಗಿನ ಊರಿನಲ್ಲಿ ಮನೆಗೊಬ್ಬಳಂತೆ ರಾಜಕುಮಾರಿಯರು ಏಳುತ್ತಿದ್ದರು. ಕುದಿಯುವ ಚಹಾ ಇಳಿಸಿಟ್ಟು, ಒಣಗಿದ ಬಟ್ಟೆ ಮಡಚುವುದನ್ನು ಅರ್ಧಕ್ಕೆ ಬಿಟ್ಟು, ಗಣಿತದ ಪುಸ್ತಕವನ್ನು ಚಾಪೆಯ ಮೇಲೆ ಬೋರಲು ಹಾಕಿ ಹುಡುಗಿಯರು ಟಿವಿಯ ಮುಂದೆ ಬಂದು ಕೂರುತ್ತಿದ್ದರು. ಟಿವಿಯ ಕೆಳಗೆ ಇಟ್ಟಿಗೆಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರ ಹೆಸರು ‘ತನ್ಮಯ’. ಅದರ ಮೂರು ಕಣ್ಣುಗಳು ಹಸಿರಾಗಿ ಬೆಳಗಿ, ಎದುರು ಕೂತವಳನ್ನು ಅಡಿಯಿಂದ ಮುಡಿಯವರೆಗೆ ಸವರಿದಂತೆ ನೋಡಿ ಮುಚ್ಚಿಕೊಳ್ಳುತ್ತಿದ್ದವು. ಆಮೇಲೆ ‘ಮಲ್ಲಿಗೆ ತಕ್ಕಡಿ’ ಧಾರಾವಾಹಿ ಶುರು. ಅದರ ನಾಯಕಿ ಬೆಟಗೇರಿಯ ಮನೆಯಲ್ಲಿ ಬೆಟಗೇರಿಯ ಹುಡುಗಿ, ಮುಂಡರಗಿಯ ಮನೆಯಲ್ಲಿ ಮುಂಡರಗಿಯ ಹುಡುಗಿ. ಕಥೆ ಒಂದೇ, ಮಾತು ಒಂದೇ, ಅರಮನೆಯೂ ಒಂದೇ; ಮುಖ ಮತ್ತು ಮೈ ಮಾತ್ರ ನೋಡುತ್ತ ಕೂತವಳದು.

ರಾಜಕುಮಾರಿಯರು ಹಿಂದೆಯೂ ಇದ್ದರು. ಅವಳು ಏಳು ಮಲ್ಲಿಗೆ ಹೂವಿನ ತೂಕದವಳು ಎಂದು ಅಜ್ಜಿಯರು ಹೇಳುತ್ತಿದ್ದರೆ, ಮಕ್ಕಳು ರೊಟ್ಟಿ ಅಗಿಯುತ್ತಲೇ ಹೂಂಗುಟ್ಟುತ್ತಿದ್ದರು. ಯಾರೂ ಎದ್ದು ತಕ್ಕಡಿ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಆ ರಾಜಕುಮಾರಿ ಇದ್ದದ್ದು ಏಳು ಸಮುದ್ರದಾಚೆ. ನಡುವೆ ಅಷ್ಟು ನೀರಿದ್ದರೆ ಹೊಟ್ಟೆಕಿಚ್ಚಿಗೂ ಈಜಲಾಗುವುದಿಲ್ಲ. ‘ತನ್ಮಯ’ ಬಂದ ಮೇಲೆ ಆ ಸಮುದ್ರಗಳು ಒಂದೊಂದಾಗಿ ಬತ್ತಿದವು.

ಮೇದಿನಿ ಕೆಲಸ ಮಾಡುತ್ತಿದ್ದದ್ದು ದಿಬ್ಬದ ಮೇಲಿನ ‘ಎರಕದ ಮನೆ’ಯಲ್ಲಿ. ಹಾಗೆಂದು ಹೆಸರಿಟ್ಟವರು ಅಲ್ಲಿನ ಕೆಲಸಗಾರರೇ. ಎಲ್ಲೋ ಒಬ್ಬ ನಟಿ ಬರಿಯ ಗೋಡೆಯ ಮುಂದೆ ನಿಂತು ಅತ್ತದ್ದು, ನಕ್ಕದ್ದು, ಓಡಿದ್ದು ಅಚ್ಚಾಗಿ ಇಲ್ಲಿಗೆ ಬರುತ್ತಿತ್ತು. ಮನೆಮನೆಯ ಪೆಟ್ಟಿಗೆಗಳು ಕಳಿಸಿದ ಮೈಗಳನ್ನು ಯಂತ್ರಗಳು ಆ ಅಚ್ಚಿಗೆ ಎರೆದು ತಿರುಗಿ ಕಳಿಸುತ್ತಿದ್ದವು. ಎರಕ ಸರಿಯಾಗಿ ಕೂತಿದೆಯೇ, ಕಿವಿಯೋಲೆ ಗಾಳಿಯಲ್ಲಿ ತೇಲುತ್ತಿದೆಯೇ, ಜಡೆ ಬೆನ್ನಿನೊಳಗೆ ಕರಗಿಹೋಗಿದೆಯೇ ಎಂದು ನೋಡುವುದು ಮೇದಿನಿಯ ಪಾಲಿನ ಕೆಲಸ. ಒಂದು ಮನೆಯಲ್ಲಿ ಎಷ್ಟು ಜನ ಕೂತಿದ್ದರೂ ಯಾರ ಕಣ್ಣು ಹೆಚ್ಚು ಕದಲದೆ ನಿಲ್ಲುತ್ತದೋ ಅವರನ್ನೇ ಪೆಟ್ಟಿಗೆ ಆರಿಸುತ್ತಿತ್ತು. ಒಮ್ಮೆ ಮುಳಗುಂದದ ಅಜ್ಜನೊಬ್ಬ ರಿಮೋಟು ಎಲ್ಲಿದೆಯೆಂದು ಟಿವಿಯನ್ನೇ ದಿಟ್ಟಿಸುತ್ತ ಕೂತದ್ದರಿಂದ, ಆ ಸಂಜೆಯಿಡೀ ಆ ಮನೆಯ ರಾಜಕುಮಾರಿ ಅಜ್ಜನ ಗಿರಿಜಾ ಮೀಸೆ ಹೊತ್ತು ಬಿಕ್ಕಿದ್ದಳು. ಎರಕದ ಮನೆಯವರು ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿದ್ದರು.

ನಗಲಾರದ ಸಂಗತಿಯೂ ಅಲ್ಲಿ ಒಂದಿತ್ತು. ಅದಕ್ಕೆ ‘ಎಳೆ’ ಎನ್ನುತ್ತಿದ್ದರು.

ಮೊದಮೊದಲು ಪೆಟ್ಟಿಗೆ ಜನರನ್ನು ಇದ್ದ ಹಾಗೆಯೇ ತೋರಿಸುತ್ತಿತ್ತಂತೆ. ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಲಿಲ್ಲ. ತನ್ನದೇ ದನಿಯನ್ನು ರೆಕಾರ್ಡಿನಲ್ಲಿ ಕೇಳಿದಾಗ ಆಗುವ ಮುಜುಗರವೇ ಅಲ್ಲೂ ಆಯಿತು. ಆಗ ಯಾರೋ ಒಬ್ಬರು ಸೊಂಟವನ್ನು ಒಂದೆಳೆ ಸಣ್ಣ ಮಾಡಿದರು, ಕುತ್ತಿಗೆಯನ್ನು ಒಂದೆಳೆ ನೀಳ, ಬಣ್ಣವನ್ನು ಒಂದೆಳೆ ತಿಳಿ. ನೋಡುವವರಿಗೆ ಗೊತ್ತಾಗಲಿಲ್ಲ, ಹಿತವಾಯಿತು. ಅಂದಿನಿಂದ ಚಿತ್ರ ಯಾವಾಗಲೂ ಮನುಷ್ಯರಿಗಿಂತ ಒಂದೆಳೆ ಮುಂದೆ ಇರಬೇಕು ಎಂಬುದು ನಿಯಮವಾಯಿತು. ಒಬ್ಬಳು ತಾನೇ ಸಣ್ಣಗಾಗಿ ಚಿತ್ರವನ್ನು ಮುಟ್ಟಿದರೆ? ಚಿತ್ರ ಇನ್ನೊಂದೆಳೆ ಮುಂದೆ ಸರಿಯುತ್ತಿತ್ತು. ಎಲ್ಲಿ ನಿಲ್ಲಬೇಕೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಟಿವಿಯೊಳಗಿನ ತನ್ನನ್ನು ಬೆನ್ನಟ್ಟಿಕೊಂಡು ಓಡುವ ಹುಚ್ಚು ಯಾರಿಗಾದರೂ ಹಿಡಿದೀತೆಂದು ಅಲ್ಲಿ ಕೂತ ಜಾಣರಿಗೆ ಹೊಳೆದೇ ಇರಲಿಲ್ಲ.

ಮೇದಿನಿಯ ಮನೆ ಬೆಟಗೇರಿಯ ನೇಕಾರ ಓಣಿಯಲ್ಲಿ. ತಂದೆ ತೀರಿಕೊಂಡ ಮೇಲೆ ಅಲ್ಲಿ ಮೂವರೇ: ಮೇದಿನಿ, ಹತ್ತನೇ ಇಯತ್ತೆಯ ತಂಗಿ ಚಿನ್ಮಯಿ, ಮತ್ತು ಓಣಿಗೆಲ್ಲ ಕುಬಸ ಹೊಲಿಯುವ ತಾಯಿ ಕಸ್ತೂರೆವ್ವ. ಆ ಓಣಿಯಲ್ಲಿ ಹೆಂಗಸರು ಟೇಪಿಗೆ ಮೈ ಕೊಡುತ್ತಿರಲಿಲ್ಲ. ಮೈಗೆ ಸರಿಯಾಗಿ ಕೂಡುವ ಹಳೆಯ ಕುಬಸವೊಂದನ್ನು ಅಳತೆಗೆಂದು ತಂದುಕೊಡುವರು; ಅದನ್ನು ಮಗ್ಗುಲಲ್ಲಿ ಹಾಸಿಕೊಂಡು ಕಸ್ತೂರೆವ್ವ ಹೊಸದನ್ನು ಕತ್ತರಿಸುವಳು. ಹೀಗೆ ಓಣಿಯ ಎಲ್ಲರ ಹೆರಿಗೆ, ಜ್ವರ, ಮದುವೆಯ ಸುಖಗಳು ಹಳೆಯ ಕುಬಸಗಳ ಮೂಲಕವೇ ಅವಳಿಗೆ ತಿಳಿಯುತ್ತಿದ್ದವು. ಈ ದಸರೆಗೆ ಮಾತ್ರ ಕಂಪನಿಯವರು ‘ರಾಜಕುಮಾರಿಯ ಖಣದ ಕುಬಸ’ ಮಾರಾಟಕ್ಕಿಟ್ಟಿದ್ದರು. ಹುಡುಗಿಯರು ಧಾರಾವಾಹಿ ನೋಡುತ್ತಲೇ ಗುಂಡಿ ಒತ್ತಿದರೆ ಸಾಕು, ಅಳತೆ ನೇರವಾಗಿ ಪೆಟ್ಟಿಗೆಯಿಂದ ಆಯಾ ಓಣಿಯ ದರ್ಜಿಗೆ ಹೋಗುತ್ತಿತ್ತು.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಕಸ್ತೂರೆವ್ವ ಮಿಷನ್ನಿಗೆ ಎಣ್ಣೆ ಬಿಡುತ್ತ ಹೇಳಿದಳು, “ಕಂಪನಿ ಅಳತಿ ನಂಬಿ ಹೊಲ್ಯಾಕ ಮೊದಲ ನನಗ ಅಂಜಿಕಿ ಇತ್ತು ನೋಡವಾ. ಮೈ ಇಲ್ಲ, ಹಳೇ ಕುಬಸ ಇಲ್ಲ, ಬರೇ ಅಂಕಿ. ಆದ್ರ ಈಗ ನೋಡು, ಒಂದರ ತಿರುಗಿ ಬಂದೇತೇನು?”

“ಒಬ್ಬಾಕಿನೂ ಬರಲಿಲ್ಲೇನು?” ಎಂದಳು ಮೇದಿನಿ.

“ಇಲ್ಲ. ಹೋದ ವರ್ಷ ಹಬ್ಬದ ಮರುದಿನ ಬಾಗಲಾಗ ಜಾತ್ರಿ ನೆರದಿತ್ತು. ಕಂಕುಳಾಗ ಹಿಡಿತೈತಿ ಅಂತ ಒಬ್ಬಾಕಿ, ಉಸಿರು ತಗೋಳಾಕ ಆಗವಲ್ದು ಅಂತ ಇನ್ನೊಬ್ಬಾಕಿ. ಈ ಸಲ ಯಾರೂ ಬೈದಿಲ್ಲ. ಕೈ ಪಳಗೇತಿ ಬಿಡು.”

ತಾಯಿಯ ಮುಖದಲ್ಲಿ ಅಪರೂಪದ ಹೆಮ್ಮೆ ಇತ್ತು.  ಪೆಟ್ಟಿಗೆ ಕಳಿಸಿದ್ದು ಹುಡುಗಿಯರ ಅಳತೆಯಲ್ಲ, ಚಿತ್ರದ ಅಳತೆ ಎಂಬುದು ಮೇದಿನಿಗೆ ಆಗಷ್ಟೇ ಹೊಳೆಯಿತು. ಓಣಿಯ ಒಂದೊಂದು ಕುಬಸವೂ ಬಿಗಿಯಾಗಿರಲೇಬೇಕು. ಬಿಗಿಯಾದ ಕುಬಸ ಕೈಯಲ್ಲಿ ಹಿಡಿದ ಹುಡುಗಿಯರಲ್ಲಿ ಒಬ್ಬಳೂ ಬಂದು ಜಗಳ ತೆಗೆಯಲಿಲ್ಲವೆಂದರೆ, ತಪ್ಪು ಯಾರದೆಂದು ಅವರು ತಿಳಿದುಕೊಂಡಿದ್ದಾರೆ?

ಚಿನ್ಮಯಿ ಒಳಕೋಣೆಯಲ್ಲಿ ಕಪಾಟಿನ ಮುಂದೆ ಕೂತಿದ್ದಳು. ಹಸಿರು ಖಣದ ಕುಬಸ ಅವಳ ತೊಡೆಯ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು.

“ನಿಂದು ಹೆಂಗಾಗೇತಿ?”

“ಛಲೋ ಆಗೇತಿ.”

“ಮತ್ತ ಹಬ್ಬಕ್ಕ ಹಾಕ್ಕೊಳ್ಳಲಿಲ್ಲ. ಬಿಗಿ ಆಗಿದ್ರ ಅವ್ವಗ ಹೇಳು, ಒಳಗ ಬಟ್ಟಿ ಬಿಟ್ಟಿರ್ತಾಳ. ಬಿಚ್ಚಿ ಕೊಡ್ತಾಳ.”

“ಕುಬಸದ್ದೇನೂ ತಪ್ಪಿಲ್ಲಕ್ಕಾ,” ಎಂದು ಚಿನ್ಮಯಿ ಅದನ್ನು ಕಪಾಟಿನೊಳಗಿಟ್ಟಳು. “ಕುಬಸ ಬರೋಬ್ಬರಿ ಐತಿ.”

ಊಟಕ್ಕೆ ಕೂತಾಗ ಅವಳು ರೊಟ್ಟಿಯನ್ನು ಚೂರು ಚೂರು ಮಾಡಿ, ತಾಟಿನ ಅಂಚಿನಲ್ಲಿ ಹರಡಿ, ಪಲ್ಯದಿಂದ ಮುಚ್ಚಿ, ತಿಂದಂತೆ ಕಾಣುವ ಹಾಗೆ ಮಾಡಿ ಎದ್ದಳು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಾಳೋ. ಅದರಲ್ಲಿ ಪಳಗಿದ ಕೈಚಳಕವಿತ್ತು.

ಮರುದಿನ ಎರಕದ ಮನೆಯಲ್ಲಿ ಮೇದಿನಿ ತನ್ನ ಮನೆಯ ಲೆಕ್ಕವನ್ನು ಪರದೆಯ ಮೇಲೆ ತೆರೆದಳು. ಪ್ರತಿ ನೋಡುಗರಿಗೂ ಅಲ್ಲಿ ಎರಡು ಗೆರೆಗಳಿರುತ್ತಿದ್ದವು: ಬಿಳಿಯದು ಮನುಷ್ಯರ ಮೈ ಅಳತೆಯದು, ಬಂಗಾರದ್ದು ಚಿತ್ರದ್ದು. ಸಾಮಾನ್ಯವಾಗಿ ಎರಡೂ ರೈಲು ಹಳಿಗಳಂತೆ ಸಮನಾಗಿ ಹೋಗುತ್ತಿದ್ದವು. ಚಿನ್ಮಯಿಯ ಬಿಳಿ ಗೆರೆ ಮಳೆಗಾಲದಿಂದೀಚೆಗೆ ಮೆಲ್ಲಗೆ ಇಳಿದಿತ್ತು. ಬಂಗಾರದ ಗೆರೆ ಅದಕ್ಕೆ ಸಿಗದಂತೆ ತಾನೂ ಇಳಿದಿತ್ತು. ತಾಯಿಯ ಸೆರಗು ಹಿಡಿಯಲು ಹೋದ ಕೂಸು, ಸೆರಗು ಎಳೆದುಕೊಂಡು ಮುಂದೆ ನಡೆಯುವ ತಾಯಿ, ಹಾಗೆ ಕಂಡಿತು ಅವಳಿಗೆ.

ಅವಳು ಮುಖ್ಯಸ್ಥೆ ವಿಭಾ ಹುಲಕೋಟಿಯವರ ಬಳಿ ಹೋದಳು. ಐವತ್ತು ದಾಟಿದ ಹುಲಕೋಟಿ ಮೇಡಂ ಮಂಡಿನೋವಿನಿಂದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದರು.

“ಒಂದು ತಳಾ ಹಾಕೋಣ್ರಿ ಮೇಡಂ. ಇಷ್ಟಕ್ಕಿಂತ ಕೆಳಗ ಚಿತ್ರ ಇಳೀಬಾರದು ಅಂತ.”

“ಎಲ್ಲಿ ಹಾಕ್ತಿ ತಳಾ? ಒಬ್ಬಾಕಿ ಹುಟ್ಟಾನೇ ಕಡ್ಡಿ, ಇನ್ನೊಬ್ಬಾಕಿ ಗುಂಡುಕಲ್ಲು. ಯಾರಿಗೆ ಎಷ್ಟು ಮೈ ಇರಬೇಕಂತ ನಾನೂ ನೀನೂ ಕುಂತು ಬರಿಯೋಣೇನು?”

“ಹಂಗಾರ ಎಳಿ ತಗದುಬಿಡೋಣ.”

“ತಗದ್ರ ಯಾರು ನೋಡ್ತಾರ?” ಮೇಡಂ ದನಿ ಏರಿಸಲಿಲ್ಲ. “ನಾನೂ ಮನ್ಯಾಗ ನೋಡ್ತೀನಿ ಮೇದಿನಿ. ಅಲ್ಲಿ ನನಗಿನ್ನೂ ಇಪ್ಪತ್ತೈದು. ದಡದಡ ಅರಮನಿ ಮೆಟ್ಟಲಾ ಹತ್ತತೀನಿ. ದಿನಾ ಅರ್ಧ ತಾಸು ಸುಖಾ ಅದು. ಬಿಡು ಅಂದ್ರ ನಾನೂ ಬಿಡಾಂಗಿಲ್ಲ.” ಕುರ್ಚಿಯ ಮೇಲಿನ ಕಾಲನ್ನು ಸರಿಪಡಿಸಿಕೊಳ್ಳುತ್ತ ಅಂದರು, “ನೌಕರರ ಮನ್ಯಾಗ ಪರೀಕ್ಷೆ ಮಾಡಾಕ ಅವಕಾಶ ಐತಿ. ಬೇಕಾದ್ರ ನಿಮ್ಮ ಮನಿ ಎಳಿ ತಗದು ನೋಡು.”

ಆ ಸಂಜೆ ಮೇದಿನಿ ಯಾರಿಗೂ ಹೇಳದೆ ಎಳೆ ತೆಗೆದು ಮನೆಗೆ ಬಂದು ಕೂತಳು. ನಿಜವನ್ನು ಕಂಡರೆ ತಂಗಿ ನಿರಾಳವಾಗುತ್ತಾಳೆ ಎಂಬುದು ಅವಳ ಎಣಿಕೆ. ಕಥೆಗಳಲ್ಲಿ ಮಾಟ ಕಳಚಿದ ಕೂಡಲೇ ಎಲ್ಲರೂ ನಿದ್ದೆಯಿಂದೆದ್ದು ನಗುತ್ತಾರಲ್ಲ, ಹಾಗೆ.

ಧಾರಾವಾಹಿ ಶುರುವಾಯಿತು. ರಾಜಕುಮಾರಿ ಏಳು ಬಾಗಿಲು ದಾಟಿ ತೋಟಕ್ಕೆ ಬಂದಳು. ಚಿನ್ಮಯಿ ಮುಂದಕ್ಕೆ ಬಾಗಿ ನೋಡಿದಳು, ಹಿಂದಕ್ಕೆ ಸರಿದಳು, ಮಗ್ಗುಲಲ್ಲಿದ್ದ ದಿಂಬನ್ನು ತೊಡೆಯ ಮೇಲೆಳೆದು ಹೊಟ್ಟೆಗೆ ಒತ್ತಿಕೊಂಡಳು. ದಿನವೂ ಈ ಹೊತ್ತಿನಲ್ಲಿ ಕಸ್ತೂರೆವ್ವ ಮಿಷನ್ನು ನಿಲ್ಲಿಸಿ, “ನೋಡ, ಎಷ್ಟ ಚಂದ ಕಾಣ್ತಿ,” ಎನ್ನುತ್ತಿದ್ದಳು. ಅವಳ ಆ ಮೆಚ್ಚುಗೆ ಇಷ್ಟು ದಿನ ಮಗಳಿಗೆ ಸಲ್ಲದೆ ಎಳೆಗೇ ಸಲ್ಲುತ್ತಿತ್ತೆಂಬುದು ಮೇದಿನಿಗೆ ಇಂದು ತಿಳಿಯಿತು. ಯಾಕೆಂದರೆ ಇಂದು ತಾಯಿ ಕಣ್ಣು ಕಿರಿದು ಮಾಡಿ, “ಯಾಕವಾ, ಚಿತ್ರ ಇವತ್ತ ಒಂಥರಾ ಬಂದೇತಲ್ಲ,” ಎಂದಳು.

“ಚಿತ್ರ ಛಲೋ ಐತವಾ,” ಎಂದು ಚಿನ್ಮಯಿ ಎದ್ದಳು. “ನಾನೇ ಹಿಂಗಾಗೇನಿ.”

ಆ ದಿನ ಅವಳು ತಾಟಿನ ಮುಂದೆ ಕೂರಲೂ ಇಲ್ಲ. ಮುಂದಿನ ವಾರ ಸಾಲೆಯಿಂದ ಆಟದ ಮಾಸ್ತರರ ಫೋನು ಬಂತು. ಜಿಲ್ಲೆಯ ಖೋ-ಖೋ ತಂಡಕ್ಕೆ ಆರಿಸುವ ದಿನ. ಓಡುತ್ತಿದ್ದ ಚಿನ್ಮಯಿ ಕಂಬ ಹಿಡಿದು ತಿರುಗಿದವಳು ಹಾಗೇ ಕುಸಿದು ಕೂತಿದ್ದಳು. ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿ, ನಾಡಿ ಹಿಡಿದು, ಕಸ್ತೂರೆವ್ವನನ್ನು ಹೊರಗೆ ಕರೆದು ಹೇಳಿದರು: “ರಕ್ತ ಇಲ್ಲ, ಹೊಟ್ಟ್ಯಾಗ ಏನೂ ಇಲ್ಲ. ಹಿಂಗೇ ನಡದ್ರ ಎದಿಗೆ ಬೀಳತೈತಿ. ಔಷಧ ಬರದು ಕೊಡ್ತೀನಿ. ಆದ್ರ ಬಾಯಿಗೆ ತುತ್ತು ನಾ ಬರದು ಕೊಡಾಕ ಬರೂದಿಲ್ಲ.”

ಮನೆಗೆ ಕರೆತಂದ ಮೇಲೆ ಮೇದಿನಿ ತಂಗಿಯ ಹಾಸಿಗೆಯ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಎರಕದ ಮನೆ, ಬಂಗಾರದ ಗೆರೆ, ಕುಬಸದ ಅಳತೆ, ಎಲ್ಲ. ಚಿನ್ಮಯಿ ಸೂರು ನೋಡುತ್ತ ಕೇಳಿದಳು. ಅವಳ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ.

“ಗೊತ್ತೈತಕ್ಕಾ. ನೀವು ಎಳಿ ಅಂತೀರಿ, ನಾವು ಸಕ್ಕರಿ ಅಂತೀವಿ. ಟಿವ್ಯಾಗ ಸಕ್ಕರಿ ಹಾಕಿರ್ತಾರಂತ ನಮ್ಮ ಕ್ಲಾಸಿನ ಎಲ್ಲಾರಿಗೂ ಗೊತ್ತು.”

“ಗೊತ್ತಿದ್ದೂ ಯಾಕ ಹಿಂಗ ಮಾಡ್ಕೊಂಡಿ?”

ಚಿನ್ಮಯಿ ಹೊದಿಕೆಯನ್ನು ಮೇಲಕ್ಕೆಳೆದುಕೊಂಡಳು. “ಮೊದಲ ಟಿವ್ಯಾಗ ಹೀರೋಯಿನ್ ಬಂದ್ರ ಅವ್ವ ಏನಂತಿದ್ಲು? ಆಕಿದು ಬಣ್ಣ, ಆಕಿ ದೊಡ್ಡ ಊರಾಕಿ, ಆಕಿದು ಬ್ಯಾರೆ ಅಂತಿದ್ಲು. ಈಗ ಹಂಗ ಅನ್ನಾಕ ಬರೂದಿಲ್ಲ. ಆಕಿ ಮೂಗು ನಂದು, ಹಲ್ಲು ನಂದು. ನಾ ಇನ್ನೊಂಚೂರು ಗಟ್ಟಿ ಮನಸ ಮಾಡಿದ್ರ ಆಗಬಹುದಾದಾಕಿ ಆಕಿ. ಆಗವಲ್ಲೆ ಅಂದ್ರ ತಪ್ಪು ಯಾರ್ದು?”

 ಮಾಟವೆಂದು ಗೊತ್ತಿದ್ದೂ ಹಿಡಿಯುವ ಮಾಟವನ್ನು ಬಿಡಿಸುವ ಮಂತ್ರ ಮೇದಿನಿ ಕೇಳಿದ ಯಾವ ಕಥೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಅಫ್ರೀನ್ ಬಂದಳು. ಗೋಡೆಗೆ ಗೋಡೆ ಅಂಟಿದ ಮಗ್ಗುಲ ಮನೆಯ ಹುಡುಗಿ, ಚಿನ್ಮಯಿಯ ಜತೆಗೇ ಖೋ-ಖೋ ಆಡುವವಳು. ಕಟ್ಟುಮಸ್ತಾದ ಮೈ, ಮೈಗಿಂತ ದೊಡ್ಡ ದನಿ.

“ಏ ಕಡ್ಡಿ, ಏಳ ಮ್ಯಾಲೆ. ನೀ ಇಲ್ಲಂತ ಮಾಸ್ತರ ಆ ಸುಪ್ರಿಯಾನ್ನ ನನ್ನ ಬೆನ್ನಿಗೆ ಕುಂದ್ರಿಸ್ಯಾರ. ಆಕಿ ಖೋ ಕೊಟ್ರ ಇರುವಿ ಕಚ್ಚಿದಂಗ ಆಗತೈತಿ, ಏಳಬೇಕೋ ಕೆರಕೋಬೇಕೋ ತಿಳಿಯೂದಿಲ್ಲ.”

ಚಿನ್ಮಯಿ ನಕ್ಕಳು. ಮೇದಿನಿ ಆ ನಗೆಯನ್ನು ಕೇಳಿ ಎಷ್ಟು ದಿನವಾಗಿತ್ತೋ. ಅಫ್ರೀನ್ ಸಾಲೆಯ ಸುದ್ದಿಯನ್ನೆಲ್ಲ ಸುರಿದು ಹೋದ ಮೇಲೆ ಚಿನ್ಮಯಿ, “ಆಕಿ ಓಡೂದು ನೋಡಿಯೇನಕ್ಕಾ? ಗಾಳಿಯಂತ್ರದ ರೆಕ್ಕಿ ತಿರುಗಿದಂಗ. ಎಷ್ಟ ಚಂದ ಕಾಣ್ತಾಳ,” ಎಂದಳು.

“ನಿನಗಿಂತ ದಪ್ಪ ಅದಾಳಲ್ಲ?”

“ಹೌದೇನು?” ಚಿನ್ಮಯಿ ಹುಬ್ಬುಗಂಟಿಕ್ಕಿ ನೆನಪು ಮಾಡಿಕೊಂಡಳು. “ಇರಬಹುದು. ನಾ ನೋಡೇ ಇಲ್ಲ.”

ಮೇದಿನಿ ಆ ಮಾತನ್ನು ಹಿಡಿದುಕೊಂಡೇ ಎದ್ದಳು. ದಿನವೂ ಕಣ್ಣೆದುರು ಓಡುವ ಗೆಳತಿಯ ಸೊಂಟ ಕಂಡಿಲ್ಲ ಈ ಹುಡುಗಿಗೆ. ತನ್ನ ಸೊಂಟದ ಹೊರತು ಬೇರೇನೂ ಕಾಣದ ಅದೇ ಕಣ್ಣುಗಳು. ಹಾಗಿದ್ದರೆ ಪೆಟ್ಟಿಗೆಯೊಳಗೆ ತಪ್ಪಾಗಿ ಕೂತಿರುವುದು ಎಳೆಯೊಂದೇ ಅಲ್ಲ. ಅಲ್ಲಿ ಕೂತ ಹುಡುಗಿಯೇ ತಪ್ಪು ಹುಡುಗಿ.

ಮರುದಿನ ಬೆಳಿಗ್ಗೆ ಅವಳು ಮಗ್ಗುಲ ಮನೆಯ ಕಟ್ಟೆಯ ಮೇಲೆ ಕೂತು, ಅಫ್ರೀನ್ ಮತ್ತು ಅವಳ ತಾಯಿ ಜುಲೇಖಾಗೆ ತನ್ನ ವಿಚಾರ ಹೇಳಿದಳು: ಒಂದು ಸಂಜೆ, ಅಫ್ರೀನಳನ್ನು ಇದ್ದ ಹಾಗೆ, ತಮ್ಮ ಮನೆಯ ಟಿವಿಯಲ್ಲಿ ರಾಜಕುಮಾರಿ ಮಾಡಲೇ?

“ನನ್ನ? ನಿಮ್ಮ ಮನ್ಯಾಗ?” ಅಫ್ರೀನ್ ಬಾಯಿ ಮುಚ್ಚಿಕೊಂಡು ನಕ್ಕಳು. “ಅಕ್ಕಾ, ಆ ಮಲ್ಲಿಗಿ ತಕ್ಕಡಿ ಹಗ್ಗ ಹರದು ಬೀಳತೈತಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ.”

“ಹರದ್ರ ಹೊಸಾ ಹಗ್ಗ ಕಟ್ತಾರೇಳು, ರಾಜರ ಮನಿ,” ಎಂದಳು ಜುಲೇಖಾ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ. “ಆದ್ರ ಮೇದಿನಿ, ಬೆಳ್ಳಗ ಗಿಳ್ಳಗ ಮಾಡಬ್ಯಾಡ ಮತ್ತ. ನನ್ನ ಮಗಳು ನನಗ ಗುರ್ತು ಸಿಗಬೇಕು.”

ಅಫ್ರೀನ್ ಒಂದು ಕರಾರು ಹಾಕಿದಳು. “ನಾ ಅಲ್ಲಿ ಬಂದ್ರ ಆಕಿ ಇಲ್ಲಿ ಬರಬೇಕು. ಬರೇ ನಾ ಒಬ್ಬಾಕಿ ಯಾಕ ನೋಡಿಸ್ಕೊಳ್ಳಲಿ?”

“ಅದನ್ನ ಆಕಿ ಹೂಂ ಅನಬೇಕು. ನಾ ಹೇಳಾಕ ಬರೂದಿಲ್ಲ,” ಎಂದಳು ಮೇದಿನಿ.

ಹುಲಕೋಟಿ ಮೇಡಂ ಕೇಳಿ, “ಮಗ್ಗುಲ ಮನಿ ಹುಡುಗೀನ್ನ ನೋಡ್ಕೋತ ಯಾರು ಕುಂದ್ರತಾರ?” ಎಂದರು. ಆದರೂ ಎರಡು ಮನೆಯವರು ಒಪ್ಪಿದ್ದಾರಲ್ಲ ಎಂದು ಪರೀಕ್ಷೆಗೆ ಅನುಮತಿ ಕೊಟ್ಟರು. ಈ ಸಲ ಮೇದಿನಿ ಯಾವುದನ್ನೂ ಮುಚ್ಚಿಡಲಿಲ್ಲ. ಇವತ್ತು ಬರುವವಳು ನೀನಲ್ಲ, ಅಫ್ರೀನ್, ಎಂದು ತಂಗಿಗೆ ಮೊದಲೇ ಹೇಳಿದಳು. ಚಿನ್ಮಯಿ ಭುಜ ಕುಣಿಸಿ ದಿಂಬು ಹಿಡಿದುಕೊಂಡು ಕೂತಳು.

ಅಂದಿನ ಕಥೆಯಲ್ಲಿ ಮಂತ್ರಿ ರಾಜಕುಮಾರಿಯ ಮೇಲೆ ಸುಳ್ಳು ಹೊರಿಸಿದ್ದ. ಅವಳು ತಪ್ಪು ಮಾಡಿದ್ದರೆ ಮಲ್ಲಿಗೆಗೆ ಸಮ ತೂಗಲಾರಳು ಎಂದು ಸಭೆ ಸೇರಿತ್ತು. ಅಫ್ರೀನ್ ಬಂದಳು. ಗುಂಡು ತೋಳು, ಎಣ್ಣೆಗಪ್ಪು ಬಣ್ಣ, ಸೈಕಲ್ಲಿನಿಂದ ಬಿದ್ದಾಗ ಆದ ಗದ್ದದ ಗಾಯದ ಕಲೆ, ಎಲ್ಲ ಇದ್ದ ಹಾಗೇ ಇತ್ತು. ಪಟ್ಟೆ ಲಂಗ ಎತ್ತಿಕೊಂಡು ಅವಳು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂತಳು. ಇನ್ನೊಂದರಲ್ಲಿ ಸೇವಕಿ ಏಳು ಹೂ ಇಟ್ಟಳು. ಮುಳ್ಳು ಅಲುಗಿತು. ಚಿನ್ಮಯಿಯ ಕೈಯಿಂದ ದಿಂಬು ಜಾರಿ ನೆಲಕ್ಕೆ ಬಿತ್ತು. ಮುಳ್ಳು ನಡುವಿಗೆ ಬಂದು ನಿಂತಾಗ ಅವಳು ಹಿಡಿದ ಉಸಿರು ಬಿಟ್ಟು, “ಆತು,” ಎಂದಳು.

ಆಮೇಲೆ ರಾಜಕುಮಾರಿ ಸಭೆ ಬಿಟ್ಟು ಓಡಿದಳು. ಒಂದೊಂದೇ ಬಾಗಿಲು ದಾಟುತ್ತ, ಭಟರ ಕೈಗೆ ಸಿಗದಂತೆ ಬಾಗುತ್ತ, ತಿರುಗುತ್ತ. “ಬಲಕ್ಕ, ಬಲಕ್ಕ,” ಎಂದು ಚಿನ್ಮಯಿ ಮೆಲ್ಲಗೆ ಗೊಣಗುತ್ತಿದ್ದಳು, ಆಟದ ಬಯಲಿನಲ್ಲಿ ಕೂತ ಹಾಗೆ. ಕಸ್ತೂರೆವ್ವ ಮಿಷನ್ನಿನ ಮೇಲೆ ಮೊಣಕೈ ಊರಿ, “ಕೂಸಿದ್ದಾಗ ನಮ್ಮ ಹೊಸಲೀ ಮ್ಯಾಲೆ ಬಿದ್ದು ಅತ್ತಿತ್ತು ಇದು. ಈಗ ನೋಡು, ಭಟರಿಗೂ ಸಿಗವಲ್ದು,” ಎಂದು ಕಣ್ಣೊರೆಸಿಕೊಂಡಳು.

ಕಥೆ ಮುಗಿದೊಡನೆ ಹಿತ್ತಲ ಗೋಡೆಯ ಮೇಲೆ ಅಫ್ರೀನಳ ತಲೆ ಕಾಣಿಸಿತು. “ಹೆಂಗಿದ್ನೇ?”

“ಮಸ್ತ್ ಇದ್ದಿ.”

“ದಪ್ಪ ಕಂಡ್ನೇನು?”

ಚಿನ್ಮಯಿ ಬಾಯಿ ತೆರೆದು ಹಾಗೇ ನಿಂತಳು. “ನೋಡೂದು ಮರತೆ,” ಎಂದಳು ಕೊನೆಗೆ.

“ಹಂಗಾರ ಇನ್ನ ನಿನ್ನ ಸರದಿ.”

ಚಿನ್ಮಯಿಯ ಮುಖ ಮುಚ್ಚಿಕೊಂಡಿತು. ತಿರುಗಿ ಒಳಗೆ ಹೋದಳು. ಅಂದೂ ಅವಳು ರೊಟ್ಟಿಯನ್ನು ಪಲ್ಯದ ಕೆಳಗೆ ಬಚ್ಚಿಟ್ಟಳು.

ಎರಕದ ಮನೆಯಲ್ಲಿ ಹುಲಕೋಟಿ ಮೇಡಂ ತಾವೇ ಕುಂಟುತ್ತ ಮೇದಿನಿಯ ಪರದೆಯ ಬಳಿ ಬಂದರು. ನೋಡುಗರ ಕಣ್ಣು ಎಷ್ಟು ಸಲ ಕದಲಿತೆಂದು ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತದೆ. ಆ ಸಂಜೆ ಚಿನ್ಮಯಿಯ ಕಣ್ಣು ಕದಲಿದ್ದೇ ಅಪರೂಪ; ಅವರಿಗೆ ನಂಬಿಕೆಯಾಗಲಿಲ್ಲ. “ಎಳಿ ಇಲ್ಲದ ಇಷ್ಟು ನೋಡ್ಯಾಳೇನು ನಿನ್ನ ತಂಗಿ?” ಎಂದು ಎರಡು ಸಲ ಕೇಳಿದರು. ಹೊರಡುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತು, “ಈ ಮೊಣಕಾಲಿನ ಸಮೇತ ನನ್ನ ಯಾರಾದ್ರೂ ನೋಡ್ಯಾರೇನು ಅಂತ ವಿಚಾರ ಮಾಡಾಕತ್ತೇನಿ,” ಎಂದರು. “ಇನ್ನಷ್ಟು ಮನಿ ಕೇಳು. ಒಪ್ಪಿದವ್ರದ್ದು ಮಾಡೋಣ.”

ಮೇದಿನಿ ತಂಗಿಯನ್ನು ಒತ್ತಾಯಿಸಲಿಲ್ಲ. ಕೇಳಲೂ ಇಲ್ಲ. ಶನಿವಾರ ಮಧ್ಯಾಹ್ನ ಚಿನ್ಮಯಿಯೇ ಬಂದು ಬಾಗಿಲಿಗೊರಗಿ ನಿಂತಳು. ಎರಡು ದಿನ ಹಾಲು ಬಿಟ್ಟರೆ ಬೇರೇನೂ ಅವಳ ಹೊಟ್ಟೆಗಿಳಿದಿರಲಿಲ್ಲ. 

“ಇವತ್ತ ಅವರ ಮನ್ಯಾಗ ನನ್ನ ಹಾಕು. ಎಳಿ ಬ್ಯಾಡ.”

“ಖರೇನಾ?”

“ಎಳಿ ಹಾಕಿದ್ರ ಅವರು ನನ್ನ ನೋಡಿದಂಗಾಗೂದಿಲ್ಲ.”

“ನೀ ಹೋಗ್ತಿಯೇನು ಅಲ್ಲಿ?”

“ಹೋಗ್ತೀನಿ. ಆದ್ರ ಟಿವಿ ಕಡೆ ನೋಡೂದಿಲ್ಲ,” ಎಂದಳು ಚಿನ್ಮಯಿ. “ಅವರ ಮಾರಿ ನೋಡ್ತೀನಿ.”

ಸಂಜೆ ಅವಳು ಹಿತ್ತಲ ಬಾಗಿಲಿಂದ ಹೋದಳು. ಕಸ್ತೂರೆವ್ವ ಮತ್ತು ಮೇದಿನಿ ತಮ್ಮ ಟಿವಿ ಹಚ್ಚದೆ, ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. ಆಚೆ ಧಾರಾವಾಹಿಯ ಹಾಡು ಶುರುವಾದದ್ದು, ಯಾರೋ ಪಾತ್ರೆ ಸರಿಸಿದ್ದು, ಜುಲೇಖಾ “ಎಲ್ಲಾರೂ ಇದರಾಗೇ ಕೈ ಹಾಕ್ರಿ” ಎಂದದ್ದು ಕೇಳಿಸಿತು. ಚುರುಮುರಿ ಗಿರ್ಮಿಟ್ಟಿನ ಹಸಿ ಉಳ್ಳಾಗಡ್ಡಿಯ, ಕರಿದ ಮಿರ್ಚಿಯ ವಾಸನೆ ಗೋಡೆ ದಾಟಿ ಬಂತು. ಆಮೇಲೆ ಬಹಳ ಹೊತ್ತು ಟಿವಿಯ ಮಾತಿನ ಹೊರತು ಮತ್ತೇನೂ ಇಲ್ಲ. ಕಸ್ತೂರೆವ್ವ ಮೇದಿನಿಯ ಕೈ ಹಿಡಿದುಕೊಂಡಳು.

ರಾಜಕುಮಾರಿ ಸೆರೆಮನೆಯಲ್ಲಿ ಅಳುವ ದೃಶ್ಯವಿರಬೇಕು. ಇದ್ದಕ್ಕಿದ್ದಂತೆ ಜುಲೇಖಾಳ ದನಿ ಏರಿತು.

“ಏ ರಾಜಾ, ದೊಡ್ಡ ಕಿರೀಟ ಹಾಕ್ಕೊಂಡು ಕುಂತಿ, ಮಗಳು ಎಷ್ಟು ಸೊರಗ್ಯಾಳ ನೋಡಬಾರದೇನೋ? ಆ ಮಲ್ಲಿಗಿ ಹೂವ ಒಲಿಗೆ ಹಾಕು, ಆಕಿಗೆ ಹೊಟ್ಟಿ ತುಂಬ ಉಣ್ಣಾಕ ಕೊಡು ಮೊದಲ.”

“ಅಮ್ಮೀ, ರಾಜಾಗ ಕೇಳಸೂದಿಲ್ಲ,” ಎಂದಳು ಅಫ್ರೀನ್.

“ಕೇಳಸದಿದ್ರ ಕಿವಿ ಹಿಂಡು. ಇಂಥಾ ಕಣ್ಣು, ಇಂಥಾ ಹುಡುಗಿ. ಅಳಿಸ್ತಾನ ಆಕಿನ್ನ.”

 ಆಮೇಲೆ ನಗು. ಮೊದಲು ಅಫ್ರೀನಳದು, ಅದರ ಹಿಂದೆಯೇ ಚಿನ್ಮಯಿಯದು, ಬಿಕ್ಕುವಂತೆ ಶುರುವಾಗಿ ಬಿಚ್ಚಿಕೊಂಡ ನಗು. ನಗುವಿನ ನಡುವೆ ಏನೋ ಕುರುಕುರು ಅಗಿಯುವ ಸದ್ದು. ಯಾರದೆಂದು ಗೋಡೆ ಹೇಳಲಿಲ್ಲ. ಕಥೆ ಮುಂದೆ ಹೋಯಿತು, ಆಚೆಯವರು ರಾಜನನ್ನು ಬೈಯುತ್ತಲೇ ಹೋದರು.

ಕಸ್ತೂರೆವ್ವ ಎದ್ದಳು. ಮಗಳಿಗೆಂದು ಮುಚ್ಚಿಟ್ಟಿದ್ದ ತಾಟು ಕೈಗೆತ್ತಿಕೊಂಡು, “ಕರದು ಬರ್ತೀನಿ. ಆರಿ ಹೊಕ್ಕೈತಿ,” ಎಂದಳು.

“ಇರವಾ,” ಎಂದು ಮೇದಿನಿ ಅವಳ ಸೆರಗು ಹಿಡಿದಳು. “ಕೇಳು.”

ಆಚೆಯಿಂದ ಚಿನ್ಮಯಿಯ ದನಿ ಬಂತು, ಬಾಯಿ ತುಂಬಿಕೊಂಡು ಮಾತಾಡುವವರ ದನಿ: “ಚಾಚೀ, ಇನ್ನೊಂದು ಮಿರ್ಚಿ ಕೊಡ್ರಿ.”

ತಾಟು ಹಿಡಿದುಕೊಂಡೇ ಕಸ್ತೂರೆವ್ವ ನೆಲಕ್ಕೆ ಕೂತಳು. ಮಗಳು ತಾಟು ಸರಿಸಿ ಎದ್ದಾಗಲೆಲ್ಲ ತಾನೂ ಉಣ್ಣದೆ ಸರಿಸಿ ಎದ್ದವಳು ಆಕೆ. ಅದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಮುಚ್ಚಿದ್ದ ತಟ್ಟೆ ತೆಗೆದು, ಆರಿದ ರೊಟ್ಟಿಯ ಅಂಚು ಮುರಿದು, ಮೆಣಸಿನಕಾಯಿಯ ಹಿಂಡಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಆಮೇಲೆ ಇನ್ನೊಂದು ತುತ್ತು ಮುರಿದಳು.